ಒಬ್ಬರು ಆಕಳಿಸಿದರೆ ಪಕ್ಕದವರಿಗೂ ಯಾಕೆ ಬರುತ್ತದೆ?

ಹಗಲುಗನಸು
ಎಲ್ಲರಿಗೂ ನಮಸ್ಕಾರ. ಇವತ್ತು ಆಫೀಸ್ ಮೀಟಿಂಗಿನಲ್ಲಿ ಎದುರು ಕೂತವರು ಬಾಯಿ ತೆರೆದು ಒಂದು ಸಲ ಆಕಳಿಸಿದರು. ತಕ್ಷಣ ಅವರ ಪಕ್ಕದವರಿಗೆ ಬಂತು. ಆಮೇಲೆ ನನಗೆ. ತುಟಿ ಬಿಗಿ ಹಿಡಿದೆ. ಮೂಗಿನ ಹೊಳ್ಳೆ ಅರಳಿತು, ಕಣ್ಣಲ್ಲಿ ನೀರು ಬಂತು, ಕಿವಿಯೊಳಗೆ ಗುಯ್ ಅಂದಿತು. ಮಾತಾಡುತ್ತಿದ್ದ ಮ್ಯಾನೇಜರ್ ಅಲ್ಲಿಗೇ ನಿಲ್ಲಿಸಿ, "ಬೋರ್ ಆಗ್ತಿದೆಯಾ?" ಎಂದು ಎಲ್ಲರ ಎದುರು ನನ್ನನ್ನೇ ಕೇಳಿದರು.

ನನಗೆ ಬೋರ್ ಆಗಿರಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆಯೂ ಆಗಿತ್ತು. ಆ ವಿಷಯದಲ್ಲಿ ನಿಜಕ್ಕೂ ಆಸಕ್ತಿ ಇತ್ತು. ಅದಕ್ಕೇ ಜಾಸ್ತಿ ಬೇಜಾರಾಯಿತು.

ನನ್ನ ಪ್ರಶ್ನೆ ಎರಡು. ಆಕಳಿಕೆ ಯಾಕೆ ಬರುತ್ತದೆ? ಇನ್ನೊಬ್ಬರನ್ನು ನೋಡಿದರೆ ನಮಗೂ ಯಾಕೆ ಬರುತ್ತದೆ? ತಿಳಿದವರು ಹೇಳಿ.

ಸುಮ್ನೆ ಓದುಗ
ನಿಮ್ಮ ಪೋಸ್ಟ್ ಓದಿ ಮುಗಿಸುವಷ್ಟರಲ್ಲಿ ನನಗೂ ಬಂತು.

ಗಾಳಿಪಟ
ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಏನಿದೆ? ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆದಾಗ ದೇಹ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತದೆ. ಅದೇ ಆಕಳಿಕೆ. ಮೀಟಿಂಗ್ ರೂಮಿನಲ್ಲಿ ಕಿಟಕಿ ಮುಚ್ಚಿರುತ್ತದೆ, ಜನ ತುಂಬಿರುತ್ತಾರೆ. ಎಲ್ಲರಿಗೂ ಒಂದೇ ಗಾಳಿ, ಹಾಗಾಗಿ ಎಲ್ಲರಿಗೂ ಒಟ್ಟಿಗೇ ಬರುತ್ತದೆ. ಶಾಲೆಯಲ್ಲೇ ಓದಿದ್ದೇವಲ್ಲ.

ಲ್ಯಾಬ್ ಮೂಲೆ
ಗಾಳಿಪಟ ಅವರೇ, ನೀವು ಹೇಳಿದ್ದನ್ನು ಪರೀಕ್ಷೆ ಮಾಡಿ ನೋಡಿ ಬಹಳ ಕಾಲ ಆಯಿತು. ಅದು ನಿಲ್ಲಲಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರಾಬರ್ಟ್ ಪ್ರೊವೈನ್ ಮತ್ತು ಜೊತೆಗಾರರು 1987ರಲ್ಲಿ ಈ ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಇಂಗಾಲದ ಡೈಆಕ್ಸೈಡ್ ಶೇ. 3ರಿಂದ 5ರವರೆಗೆ ಇದ್ದ ಗಾಳಿ ಕೊಟ್ಟರು. ನಾವು ಉಸಿರಾಡುವ ಮಾಮೂಲಿ ಗಾಳಿಯಲ್ಲಿ ಅದು ಶೇ. 0.05ಕ್ಕಿಂತ ಕಡಿಮೆ, ಅಂದರೆ ವ್ಯತ್ಯಾಸ ದೊಡ್ಡದು. ಉಸಿರಾಟ ಜೋರಾಯಿತು. ಆಕಳಿಕೆ ಮಾತ್ರ ಹೆಚ್ಚಾಗಲಿಲ್ಲ. ಆಮೇಲೆ ಶುದ್ಧ ಆಮ್ಲಜನಕ ಕೊಟ್ಟರು. ಆಗಲೂ ಆಕಳಿಕೆ ಕಡಿಮೆಯಾಗಲಿಲ್ಲ. ವ್ಯಾಯಾಮ ಮಾಡಿಸಿದರು. ಏದುಸಿರು ಬಂತು, ಆಕಳಿಕೆಯ ಲೆಕ್ಕ ಬದಲಾಗಲಿಲ್ಲ.

ಇದಕ್ಕೆ ಲ್ಯಾಬೇ ಬೇಕಿಲ್ಲ. ಓಡಿ ಬಂದು ಏದುಸಿರು ಬಿಡುವವರು ಆಕಳಿಸುತ್ತಾರಾ? ಆಮ್ಲಜನಕ ಬೇಕಾಗಿದ್ದರೆ ಎಲ್ಲರಿಗಿಂತ ಮೊದಲು ಅವರೇ ಆಕಳಿಸಬೇಕಿತ್ತು.

ಗಾಳಿಪಟ
ಒಂದು ಪ್ರಯೋಗ ನಡೆಯಿತು ಅಂತ ಎಲ್ಲವನ್ನೂ ತಳ್ಳಿ ಹಾಕಲು ಆಗಲ್ಲ. ಆಕಳಿಸುವಾಗ ಅಷ್ಟು ಗಾಳಿ ಒಳಗೆ ಹೋಗುತ್ತದಲ್ಲ. ಅದು ಸುಮ್ನೆ ಹೋಗುತ್ತದಾ?

ಲ್ಯಾಬ್ ಮೂಲೆ
ಹಾಗಿದ್ದರೆ ಈಗಲೇ ಒಂದು ಕೆಲಸ ಮಾಡಿ. ಆಕಳಿಕೆ ಬರುವಾಗ ಮೂಗು ಹಿಡಿದುಕೊಳ್ಳಿ. ಆರಾಮಾಗಿ ಆಕಳಿಸುತ್ತೀರಿ. ಮುಂದಿನ ಸಲ ಹಲ್ಲು ಕಚ್ಚಿ ಹಿಡಿದು ಆಕಳಿಸಿ. ಮೂಗಿನಿಂದ ಬೇಕಾದಷ್ಟು ಗಾಳಿ ಎಳೆದುಕೊಳ್ಳಬಹುದು, ಆದರೂ ಆಕಳಿಕೆ ಅರ್ಧಕ್ಕೆ ನಿಂತು ಒದ್ದಾಡುತ್ತದೆ. ಸಮಾಧಾನ ಸಿಗಲ್ಲ. ಇದೂ ಪ್ರೊವೈನ್ ಮಾಡಿಸಿದ್ದೇ. ಅಂದರೆ ಆಕಳಿಕೆಯ ಜೀವ ಇರುವುದು ದವಡೆ ಹಿಗ್ಗುವುದರಲ್ಲಿ, ಗಾಳಿಯಲ್ಲಿ ಅಲ್ಲ.

ಸುಮ್ನೆ ಓದುಗ
ಹಲ್ಲು ಕಚ್ಚಿ ನೋಡಿದೆ. ಭಯಂಕರ ಹಿಂಸೆ. ಯಾರೂ ಮಾಡಬೇಡಿ.

ಎರಡು ಮಕ್ಕಳ ಅಮ್ಮ
ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಸ್ಕ್ಯಾನಿಂಗ್ ಮಾಡುತ್ತಿದ್ದವರು ಪರದೆ ಕಡೆ ಕೈ ತೋರಿಸಿ "ನೋಡಿ, ಆಕಳಿಸ್ತಿದೆ" ಎಂದರು. ಪುಟ್ಟ ಬಾಯಿ ನಿಧಾನಕ್ಕೆ ತೆರೆಯಿತು, ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಟಪ್ ಅಂತ ಮುಚ್ಚಿತು. ಅಲ್ಲಿ ಇರುವುದು ನೀರು. ಗಾಳಿ ಎಲ್ಲಿಂದ ಬಂತು? ಮಗುವಿಗೆ ಆಮ್ಲಜನಕ ಹೋಗುವುದು ಹೊಕ್ಕುಳಬಳ್ಳಿಯಿಂದ ತಾನೆ?

ಲ್ಯಾಬ್ ಮೂಲೆ
ಒಳ್ಳೆಯ ಉದಾಹರಣೆ ಕೊಟ್ಟಿರಿ ಮೇಡಂ. ಮೂರು ತಿಂಗಳು ತುಂಬುವ ಹೊತ್ತಿಗೇ ಭ್ರೂಣ ಆಕಳಿಸಲು ಶುರು ಮಾಡುತ್ತದೆ. ಬ್ರಿಟನ್ನಿನ ಡರಂ ವಿಶ್ವವಿದ್ಯಾಲಯದವರು 2012ರಲ್ಲಿ 24ನೇ ವಾರದಿಂದ 36ನೇ ವಾರದವರೆಗಿನ ಸ್ಕ್ಯಾನ್ ವಿಡಿಯೋಗಳನ್ನು ನೋಡಿ, ಬರೀ ಬಾಯಿ ತೆರೆಯುವುದು ಯಾವುದು, ಆಕಳಿಕೆ ಯಾವುದು ಎಂದು ಬೇರೆ ಮಾಡಿದರು. ಆಕಳಿಕೆಯಲ್ಲಿ ಬಾಯಿ ನಿಧಾನಕ್ಕೆ ತೆರೆದು ಬೇಗ ಮುಚ್ಚುತ್ತದೆ. ನೀವು ನೋಡಿದ್ದೂ ಅದೇ. 28ನೇ ವಾರದ ನಂತರ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಮಿದುಳು ಬೆಳೆಯುವುದಕ್ಕೂ ಇದಕ್ಕೂ ನಂಟು ಇರಬಹುದು ಎಂಬುದು ಅವರ ಊಹೆ.

ಗಾಳಿಪಟ
ಸರಿ, ಆಮ್ಲಜನಕ ಬಿಡಿ. ಹಾಗಾದರೆ ಯಾಕೆ ಅಂತ ಹೇಳಿ. ಅದಲ್ಲ, ಇದಲ್ಲ ಅಂದರೆ ಉತ್ತರ ಆಗಲ್ಲ.

ಪ್ರಶ್ನಾರ್ಥಕ
ಸದ್ಯಕ್ಕೆ ಎಲ್ಲರೂ ಹೇಳುವುದು ಮಿದುಳು ತಂಪಾಗಲು ಅಂತ. ಇಂಜಿನ್ನಿಗೆ ರೇಡಿಯೇಟರ್ ಇದ್ದ ಹಾಗೆ. ದವಡೆ ಪೂರ್ತಿ ಹಿಗ್ಗಿದಾಗ ಮುಖ, ತಲೆಯ ಕಡೆ ರಕ್ತ ಓಡಾಟ ಜಾಸ್ತಿ ಆಗುತ್ತದೆ. ಎಳೆದುಕೊಂಡ ಗಾಳಿ ಆ ರಕ್ತವನ್ನು ಸ್ವಲ್ಪ ತಣಿಸುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ, ಕಾರಣ ಆಮೇಲೆ ಹೇಳುತ್ತೇನೆ.

ಲ್ಯಾಬ್ ಮೂಲೆ
ಅದರ ಹಿಂದಿನ ಪ್ರಯೋಗ ಸೊಗಸಾಗಿದೆ, ಕೇಳಿ. 2007ರಲ್ಲಿ ಆಂಡ್ರ್ಯೂ ಗ್ಯಾಲಪ್ ಮತ್ತು ಗಾರ್ಡನ್ ಗ್ಯಾಲಪ್ ಜನರಿಗೆ ಆಕಳಿಕೆಯ ವಿಡಿಯೋ ತೋರಿಸಿದರು. ಕೆಲವರು ಹಣೆಗೆ ತಣ್ಣನೆಯ ಪ್ಯಾಕ್ ಒತ್ತಿ ಹಿಡಿದಿದ್ದರು. ಉಳಿದವರು ಹಣೆಗೆ ಹಿಡಿದಿದ್ದು ಬಿಸಿ ಪ್ಯಾಕ್ ಅಥವಾ ಕೋಣೆಯಷ್ಟೇ ಬಿಸಿಯಿದ್ದ ಪ್ಯಾಕ್. ಬಿಸಿ ಮತ್ತು ಮಾಮೂಲಿ ಪ್ಯಾಕಿನವರಲ್ಲಿ ಶೇ. 41ರಷ್ಟು ಜನ ಆಕಳಿಸಿದರು. ತಣ್ಣನೆಯ ಪ್ಯಾಕಿನವರಲ್ಲಿ ಬರೀ ಶೇ. 9. ಮೂಗಿನಲ್ಲೇ ಉಸಿರಾಡಿ ಎಂದು ಹೇಳಿದವರಲ್ಲಿ ಒಬ್ಬರೂ ಆಕಳಿಸಲಿಲ್ಲ.

ಹಾಗಾಗಿ ಹಗಲುಗನಸು ಅವರೇ, ಮುಂದಿನ ಮೀಟಿಂಗಿಗೆ ಇದು ಉಪಯೋಗಕ್ಕೆ ಬರಬಹುದು. ಆಕಳಿಕೆ ಬರುವ ಸೂಚನೆ ಸಿಕ್ಕ ಕೂಡಲೇ ಬಾಯಿ ಮುಚ್ಚಿ ಮೂಗಿನಲ್ಲಿ ನಿಧಾನಕ್ಕೆ, ಆಳವಾಗಿ ಉಸಿರಾಡಿ. ತಣ್ಣನೆಯ ನೀರಿನ ಬಾಟಲಿ ಇದ್ದರೆ ಹಣೆಗೆ ಒತ್ತಿಕೊಳ್ಳಿ.

ಹಗಲುಗನಸು
ತುಂಬ ಥ್ಯಾಂಕ್ಸ್. ಖಂಡಿತ ಮಾಡಿ ನೋಡುತ್ತೇನೆ. ಕಿವಿಯೊಳಗೆ ಗುಯ್ ಅನ್ನುವುದು ಏನು? ಯಾರೂ ಹೇಳಲಿಲ್ಲ.

ಫಿಸಿಯೋ
ಕಿವಿಯ ತಮಟೆಗೆ ಅಂಟಿಕೊಂಡ ಹಾಗೆ ಒಂದು ಸಣ್ಣ ಸ್ನಾಯು ಇದೆ. ಆಕಳಿಸುವಾಗ ಅದು ಬಿಗಿಯಾಗುತ್ತದೆ. ಆ ಸದ್ದು ಅದರದ್ದು. ಆ ಕ್ಷಣ ಹೊರಗಿನ ಮಾತು ಸ್ವಲ್ಪ ಮಂಕಾಗಿ ಕೇಳುವುದೂ ಅದಕ್ಕೇ. ಜೊತೆಗೆ ಗಂಟಲಿನಿಂದ ಕಿವಿಗೆ ಹೋಗುವ ನಳಿಕೆ ತೆರೆಯುತ್ತದೆ. ವಿಮಾನ ಇಳಿಯುವಾಗ ಆಕಳಿಸಿದರೆ ಕಿವಿ ಟಕ್ ಅಂತ ಬಿಟ್ಟುಕೊಳ್ಳುತ್ತದಲ್ಲ, ಅದು ಇದರಿಂದಲೇ. ಕಣ್ಣೀರು ಬರುವುದು ಮುಖದ ಸ್ನಾಯುಗಳು ಕಣ್ಣೀರಿನ ಗ್ರಂಥಿಯನ್ನು ಒತ್ತುವುದರಿಂದ. ಅಳುವಿಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನಾರ್ಥಕ
ಹೇಳುತ್ತೇನೆ ಎಂದಿದ್ದೆನಲ್ಲ. ಮಿದುಳು ತಂಪಾಗಲು ಆಕಳಿಕೆ ಬರುವುದಾದರೆ ಸೆಖೆ ಜಾಸ್ತಿ ಆದ ಹಾಗೆ ಆಕಳಿಕೆಯೂ ಜಾಸ್ತಿ ಆಗಬೇಕು ತಾನೆ? ಅರಿಜೋನಾದ ಟೂಸಾನ್ ನಗರದಲ್ಲಿ ದಾರಿಹೋಕರಿಗೆ ಆಕಳಿಕೆಯ ಚಿತ್ರ ತೋರಿಸಿ ನೋಡಿದಾಗ ಉಲ್ಟಾ ಆಯಿತು. ಚಳಿಗಾಲದಲ್ಲಿ, ಸುಮಾರು 22 ಡಿಗ್ರಿ ಇದ್ದಾಗ, ಶೇ. 45 ಜನ ಆಕಳಿಸಿದರು. ಬೇಸಿಗೆಯ 37 ಡಿಗ್ರಿಯಲ್ಲಿ ಶೇ. 24.

ಲ್ಯಾಬ್ ಮೂಲೆ
ಅದು ಈ ವಾದಕ್ಕೆ ಬಲ ಕೊಡುತ್ತದೆ ಸಾರ್, ವಿರುದ್ಧ ಅಲ್ಲ. ಹೊರಗಿನ ಗಾಳಿ ಮೈಯಷ್ಟೇ ಬಿಸಿ ಇದ್ದರೆ ಅದನ್ನು ಒಳಗೆ ಎಳೆದುಕೊಂಡು ಏನು ತಂಪಾಗುತ್ತದೆ? ಪ್ರಯೋಜನ ಇಲ್ಲದ ಕಡೆ ಆಕಳಿಕೆ ಕಡಿಮೆ. ಅದೇ ಪ್ರಯೋಗವನ್ನು ಆಮೇಲೆ ವಿಯೆನ್ನಾದಲ್ಲಿ ಮಾಡಿದರು. ಅಲ್ಲಿ ಚಳಿಗಾಲ ಕೊರೆಯುತ್ತದೆ, ಬೇಸಿಗೆ ಹಿತವಾಗಿರುತ್ತದೆ. ಅಲ್ಲಿ ಬೇಸಿಗೆಯಲ್ಲೇ ಜಾಸ್ತಿ ಜನ ಆಕಳಿಸಿದರು. ಎರಡೂ ಊರಲ್ಲಿ ಹೆಚ್ಚು ಕಂಡಿದ್ದು 20 ಡಿಗ್ರಿಯ ಆಸುಪಾಸಿನಲ್ಲಿ. ಕೊರೆಯುವ ಚಳಿಯಲ್ಲಿ ತಂಪು ಬೇಕಿಲ್ಲ, ಸುಡುವ ಬಿಸಿಲಲ್ಲಿ ತಂಪು ಸಿಗಲ್ಲ.

ಪ್ರಶ್ನಾರ್ಥಕ
ಕೇಳಲು ಚೆನ್ನಾಗಿದೆ. ಆದರೆ ಋತು ಬದಲಾದರೆ ನಿದ್ದೆ, ಬೆಳಕು, ಜನ ಹೊರಗೆ ಕಳೆಯುವ ಹೊತ್ತು ಎಲ್ಲವೂ ಬದಲಾಗುತ್ತದೆ. ಬರೀ ಬಿಸಿಯನ್ನೇ ಕಾರಣ ಮಾಡಲು ನನಗೆ ಧೈರ್ಯ ಬರಲ್ಲ. ಹಣೆಯ ಮೇಲೆ ತಣ್ಣನೆಯ ಪ್ಯಾಕ್ ಇಟ್ಟರೆ ಯಾರಾದರೂ ಎಚ್ಚರ ಆಗುತ್ತಾರೆ. ಆಕಳಿಕೆ ನಿಂತಿದ್ದು ಮಿದುಳು ತಂಪಾಗಿದ್ದಕ್ಕೋ, ಎಚ್ಚರ ಆಗಿದ್ದಕ್ಕೋ?

ಲ್ಯಾಬ್ ಮೂಲೆ
ಒಳ್ಳೆಯ ಪ್ರಶ್ನೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. 2021ರಲ್ಲಿ 101 ಜಾತಿಯ ಪ್ರಾಣಿ, ಪಕ್ಷಿಗಳ 1,291 ಆಕಳಿಕೆಗಳನ್ನು ಅಳೆದರು. ಮಿದುಳು ದೊಡ್ಡದಾದ ಹಾಗೆ, ಅದರಲ್ಲಿ ನರಕೋಶ ಜಾಸ್ತಿ ಆದ ಹಾಗೆ, ಆಕಳಿಕೆ ಉದ್ದ ಆಗುತ್ತದೆ. ಇಲಿಗೆ ಒಂದು ಸೆಕೆಂಡಿಗಿಂತ ಕಡಿಮೆ. ನಮಗೆ ಸರಾಸರಿ ಆರು ಸೆಕೆಂಡು. ಉದ್ದವನ್ನು ತೀರ್ಮಾನಿಸುವುದು ಮೈಯ ಗಾತ್ರ ಅಲ್ಲ, ಮಿದುಳು. ಮಿದುಳಿಗೂ ಆಕಳಿಕೆಗೂ ಏನೋ ಲೆಕ್ಕಾಚಾರ ಇದೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸುಳಿವು ನನಗೆ ಕಂಡಿಲ್ಲ.

ಫಿಸಿಯೋ
ಈಗ ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಪಾರ್ಶ್ವವಾಯು ಆಗಿ ಎಡಗೈ ಪೂರ್ತಿ ಬಿದ್ದುಹೋಗಿದ್ದ ಒಬ್ಬ ಹಿರಿಯರಿಗೆ ವ್ಯಾಯಾಮ ಮಾಡಿಸುತ್ತಿದ್ದೆ. "ಬೆರಳು ಅಲ್ಲಾಡಿಸಿ" ಅಂದರೆ ಅವರು ಹಣೆಯಲ್ಲಿ ನರ ಉಬ್ಬುವಷ್ಟು ಪ್ರಯತ್ನ ಪಡುತ್ತಿದ್ದರು. ಕೈ ಮಾತ್ರ ಮಿಸುಕುತ್ತಿರಲಿಲ್ಲ. ಒಂದು ದಿನ ನಡುವೆ ದೊಡ್ಡದಾಗಿ ಆಕಳಿಸಿದರು. ಅದೇ ಕೈ ತೊಡೆಯ ಮೇಲಿಂದ ಮೆಲ್ಲಗೆ ಎದ್ದಿತು. ಮೊಣಕೈ ಮಡಚಿತು, ಎದೆಯ ಹತ್ತಿರಕ್ಕೆ ಬಂತು. ಆಕಳಿಕೆ ಮುಗಿದ ಕೂಡಲೇ ಕೆಳಗೆ ಬಿತ್ತು. ಅವರ ಹೆಂಡತಿ ಓಡಿ ಬಂದು ಕೈ ಹಿಡಿದುಕೊಂಡು, "ಬಂತು, ಕೈ ಬಂತು" ಎಂದು ಅಳಲು ಶುರು ಮಾಡಿದರು. ಇದು ಗುಣವಾದ ಲಕ್ಷಣ ಅಲ್ಲಮ್ಮ ಎಂದು ತಿಳಿಸಿ ಹೇಳುವಾಗ ನನಗೇ ಸಂಕಟವಾಯಿತು.

ಇದನ್ನು ಫ್ರಾನ್ಸಿನ ವೈದ್ಯ ಒಲಿವಿಯೆ ವಾಲುಸಿನ್ಸ್ಕಿ 2005ರಲ್ಲಿ ಒಂದು ಹೆಸರು ಕೊಟ್ಟು ವರದಿ ಮಾಡಿದ್ದಾರೆ. ನಾವು ಬೇಕೆಂದು ಕೈ ಎತ್ತುವಾಗ ಅಪ್ಪಣೆ ಬರುವುದು ಮಿದುಳಿನ ಮೇಲ್ಪದರದಿಂದ. ಪಾರ್ಶ್ವವಾಯುವಿನಲ್ಲಿ ಕಡಿದುಹೋಗಿರುವುದು ಆ ದಾರಿ. ಆಕಳಿಕೆ ಹುಟ್ಟುವುದು ಕೆಳಗೆ, ಮಿದುಳ ಬುಡದಲ್ಲಿ. ಅಲ್ಲಿಂದ ಕೈಗೆ ಬರುವ ಹಳೆಯ ದಾರಿ ಇನ್ನೂ ಉಳಿದಿರುತ್ತದೆ. ನಾವು ಬೇಕೆಂದಾಗ ಆಕಳಿಸಲು ಆಗದಿರುವುದೂ, ಬಂದದ್ದನ್ನು ತಡೆಯಲು ಆಗದಿರುವುದೂ ಇದಕ್ಕೇ.

ಎರಡು ಮಕ್ಕಳ ಅಮ್ಮ
ಓದಿ ಮೈ ಜುಮ್ ಎಂದಿತು.

ಹಗಲುಗನಸು
ಮಿದುಳ ಬುಡದಲ್ಲಿ ಹುಟ್ಟುವುದಕ್ಕೆ ನನ್ನನ್ನು ಎಲ್ಲರ ಎದುರು ಬೈದರು!

ರಾತ್ರಿ ಪಾಳಿ
ಬರೀ ನಿದ್ದೆಗೆ, ಬೋರಿಗೆ ಬರುತ್ತದೆ ಅನ್ನುವುದೇ ಸರಿಯಲ್ಲ. ಓಟ ಶುರುವಾಗುವ ಮುಂಚೆ ಆಟಗಾರರು ಆಕಳಿಸುವುದನ್ನು ಟಿವಿಯಲ್ಲಿ ನೋಡಿಲ್ವಾ? ಅಮೆರಿಕದ ಐಸ್ ಸ್ಕೇಟಿಂಗ್ ಆಟಗಾರ ಅಪೋಲೋ ಓನೋ ಒಲಿಂಪಿಕ್ಸ್ ಸ್ಪರ್ಧೆಗೆ ಮುಂಚೆ ಆಕಳಿಸುತ್ತಿದ್ದುದು ಜಗತ್ತಿಗೇ ಗೊತ್ತು. ಅವರಿಗೆ ಬೋರ್ ಆಗಿತ್ತಾ? ವೇದಿಕೆ ಹತ್ತುವ ಮುಂಚೆ, ಪರೀಕ್ಷೆ ಹಾಲಿನ ಬಾಗಿಲಲ್ಲಿ ನಿಂತಾಗ ನನಗೂ ಬರುತ್ತದೆ. ಎಚ್ಚರದಿಂದ ನಿದ್ದೆಗೆ, ನಿದ್ದೆಯಿಂದ ಎಚ್ಚರಕ್ಕೆ, ಸುಮ್ಮನಿದ್ದವರು ಒಂದು ಕೆಲಸಕ್ಕೆ ಇಳಿಯುವಾಗ, ಹೀಗೆ ಸ್ಥಿತಿ ಬದಲಾಗುವ ಹೊತ್ತಿಗೆ ಆಕಳಿಕೆ ಬರುತ್ತದೆ ಎಂದು ನನಗೆ ಅನಿಸುತ್ತದೆ.

ನಾಯಿಪ್ರೇಮಿ
ನಾಯಿಗಳಲ್ಲೂ ಹಾಗೇ. ಡಾಕ್ಟರ ಟೇಬಲ್ ಮೇಲೆ ಹತ್ತಿಸಿದರೆ ನಮ್ಮ ನಾಯಿ ಆಕಳಿಸುತ್ತದೆ. ಅದು ಭಯಕ್ಕೆ, ಕಸಿವಿಸಿಗೆ. ಗೊತ್ತಿಲ್ಲದವರು "ಪಾಪ, ನಿದ್ದೆ ಬಂದಿದೆ" ಎಂದು ತಲೆ ಸವರಲು ಹೋಗುತ್ತಾರೆ. ಅಪರಿಚಿತ ನಾಯಿ ನಿಮ್ಮ ಎದುರು ಮುಖ ತಿರುಗಿಸಿ ಆಕಳಿಸಿದರೆ ಸ್ವಲ್ಪ ದೂರ ನಿಲ್ಲಿ. ಇದು ನನ್ನ ಕಳಕಳಿಯ ವಿನಂತಿ.

ಗಾಳಿಪಟ
ಗಂಡು ಬಬೂನ್ ಕೋತಿ ಬಾಯಿ ಅಗಲಿಸಿ ಕೋರೆಹಲ್ಲು ತೋರಿಸುವುದು ಬೆದರಿಸಲು ಎಂದು ಡಾರ್ವಿನ್ನೇ ಬರೆದಿದ್ದಾನೆ. ನೀರಾನೆ ಬಾಯಿ ತೆರೆಯುವುದೂ ಬೆದರಿಕೆಗೇ. ಹಾಗಾಗಿ ಎಲ್ಲ ಪ್ರಾಣಿಗಳ ಆಕಳಿಕೆಗೂ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಇದನ್ನು ಲ್ಯಾಬ್ ಮೂಲೆಯವರಿಗೆ ಹೇಳುತ್ತಿದ್ದೇನೆ.

ಲ್ಯಾಬ್ ಮೂಲೆ
ಒಪ್ಪಿದೆ. ಒಂದೇ ಚಲನೆಗೆ ಬೇರೆ ಬೇರೆ ಪ್ರಾಣಿಗಳಲ್ಲಿ ಬೇರೆ ಬೇರೆ ಕೆಲಸ ಸೇರಿಕೊಂಡಿರಬಹುದು.

ಎರಡು ಮಕ್ಕಳ ಅಮ್ಮ
ಎರಡನೆಯ ಪ್ರಶ್ನೆಗೆ ಬನ್ನಿ, ಅಂಟುವುದು ಯಾಕೆ? ನನ್ನ ದೊಡ್ಡ ಮಗನಿಗೆ ಏಳು ವರ್ಷ. ನಾನು ಆಕಳಿಸಿದರೆ ಅವನಿಗೂ ಬರುತ್ತದೆ. ಚಿಕ್ಕದಕ್ಕೆ ಎರಡು ವರ್ಷ. ಎಷ್ಟು ಸಲ ಅದರ ಮುಖದ ಎದುರೇ ಆಕಳಿಸಿದರೂ ಸುಮ್ನೆ ನೋಡುತ್ತದೆ. ತನಗೆ ನಿದ್ದೆ ಬಂದಾಗ ಮಾತ್ರ ಆಕಳಿಸುತ್ತದೆ.

ಲ್ಯಾಬ್ ಮೂಲೆ
ಅದು ಸರಿಯಾಗೇ ಇದೆ. ಆಕಳಿಕೆ ಹುಟ್ಟುವ ಮುಂಚಿನಿಂದ ಇರುತ್ತದೆ. ಅಂಟುವುದು ಶುರುವಾಗುವುದು ಸುಮಾರು ನಾಲ್ಕೈದು ವರ್ಷಕ್ಕೆ. ಚಿಂಪಾಂಜಿಗಳಲ್ಲೂ ಇಂಥದ್ದೇ ಕಂಡಿದೆ. ಜಪಾನಿನಲ್ಲಿ 2004ರಲ್ಲಿ ಆರು ಹೆಣ್ಣು ಚಿಂಪಾಂಜಿಗಳಿಗೆ ಆಕಳಿಕೆಯ ವಿಡಿಯೋ ತೋರಿಸಿದರು. ಎರಡಕ್ಕೆ ಜೋರಾಗಿ ಅಂಟಿತು. ತಾಯಂದಿರ ಜೊತೆ ಇದ್ದ ಮೂರು ಮರಿಗಳಿಗೆ ಒಂದಕ್ಕೂ ಅಂಟಲಿಲ್ಲ. ಮನುಷ್ಯರಲ್ಲೂ ಎಲ್ಲರಿಗೂ ಅಂಟಲ್ಲ. ವಿಡಿಯೋ ತೋರಿಸಿದರೆ ಸುಮಾರು ಶೇ. 40ರಿಂದ 60 ಜನ ಆಕಳಿಸುತ್ತಾರೆ.

ರಾತ್ರಿ ಪಾಳಿ
ಅಂಟುವುದು ಕರುಣೆ ಇರುವವರಿಗೆ. ಇನ್ನೊಬ್ಬರ ನೋವು, ನಲಿವು ಅರ್ಥ ಮಾಡಿಕೊಳ್ಳುವವರಿಗೆ ಬೇಗ ಅಂಟುತ್ತದೆ. ಕಲ್ಲು ಮನಸ್ಸಿನವರಿಗೆ ಅಂಟಲ್ಲ. ಇದನ್ನು ವಿಜ್ಞಾನಿಗಳೇ ಹೇಳಿದ್ದಾರೆ.

ಪ್ರಶ್ನಾರ್ಥಕ
ಈ ಮಾತು ಎಲ್ಲ ಕಡೆ ಹರಿದಾಡುತ್ತಿದೆ. ದಯವಿಟ್ಟು ಇಷ್ಟು ಸುಲಭಕ್ಕೆ ಹೇಳಬೇಡಿ. ಇಟಲಿಯ ನೋರ್ಶಿಯಾ ಮತ್ತು ಪಲಾಜಿ 2011ರಲ್ಲಿ ಜನರ ಆಕಳಿಕೆ ಗಮನಿಸಿ, ಮನೆಯವರ ನಡುವೆ ಜಾಸ್ತಿ, ಸ್ನೇಹಿತರ ನಡುವೆ ಸ್ವಲ್ಪ ಕಡಿಮೆ, ಅಪರಿಚಿತರ ನಡುವೆ ಇನ್ನೂ ಕಡಿಮೆ ಅಂಟುತ್ತದೆ ಎಂದರು. ಅದು ನಿಜ. ಆದರೆ ನಮ್ಮವರ ಮುಖವನ್ನು ನಾವು ಜಾಸ್ತಿ ನೋಡುತ್ತೇವೆ ತಾನೆ? ಅಪರಿಚಿತರು ಆಕಳಿಸಿದರೆ ಕಣ್ಣು ಬೇರೆ ಕಡೆ ತಿರುಗಿಸುತ್ತೇವೆ. ಮುಖ ನೋಡದೆ ಅಂಟುವುದು ಹೇಗೆ?

ಆಮೇಲೆ 2014ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 328 ಜನರಿಗೆ ಮೂರು ನಿಮಿಷದ ವಿಡಿಯೋ ತೋರಿಸಿದರು. 222 ಜನ ಒಂದು ಸಲವಾದರೂ ಆಕಳಿಸಿದರು. ಸಹಾನುಭೂತಿ ಅಳೆಯುವ ಪ್ರಶ್ನೆಗಳನ್ನೂ ಕೇಳಿದರು. ಎರಡಕ್ಕೂ ಗಟ್ಟಿ ಸಂಬಂಧ ಸಿಗಲಿಲ್ಲ. ಅಲ್ಪಸ್ವಲ್ಪ ಲೆಕ್ಕಕ್ಕೆ ಬಂದಿದ್ದು ವಯಸ್ಸು ಮಾತ್ರ. ವಯಸ್ಸಾದವರಿಗೆ ಕಡಿಮೆ ಅಂಟಿತು. ಅದೂ ಜನರ ನಡುವಿನ ವ್ಯತ್ಯಾಸದಲ್ಲಿ ಬರೀ ಶೇ. 8ರಷ್ಟನ್ನು ವಿವರಿಸಿತು.

ಮಳೆಬಿಲ್ಲು
ಪ್ರಶ್ನಾರ್ಥಕ ಅವರು ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ನನ್ನ ಮಗಳಿಗೆ ಆಟಿಸಂ ಇದೆ. "ಆಟಿಸಂ ಇರುವ ಮಕ್ಕಳಿಗೆ ಆಕಳಿಕೆ ಅಂಟಲ್ಲ, ಅವರಿಗೆ ಸಹಾನುಭೂತಿ ಇಲ್ಲ" ಎಂದು ನೆಂಟರೊಬ್ಬರು ನನ್ನ ಮುಖಕ್ಕೇ ಹೇಳಿದರು. ಎಲ್ಲೋ ಓದಿದ್ದರಂತೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ನಾನು ಬಿಡದೆ ಹುಡುಕಿ ಓದಿದೆ. 2007ರ ಒಂದು ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಡಿಮೆ ಅಂಟಿದ್ದು ಹೌದು. ಆದರೆ 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಮಕ್ಕಳು ಆಕಳಿಸುವವರ ಮುಖವನ್ನು ನಿಜವಾಗಿಯೂ ನೋಡುವಂತೆ ಮಾಡಿದರು. ಆಗ ಬೇರೆ ಮಕ್ಕಳಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ನನ್ನ ಮಗಳು ಮುಖ ನೋಡಲು ಹಿಂಜರಿಯುತ್ತಾಳೆ, ಅಷ್ಟೇ. ನನಗೆ ಜ್ವರ ಬಂದರೆ ತನ್ನ ಹೊದಿಕೆ ತಂದು ಹೊದಿಸುವವಳು ಅವಳೇ.

ರಾತ್ರಿ ಪಾಳಿ
ಮಳೆಬಿಲ್ಲು ಅವರೇ, ನಿಮ್ಮ ಮಗಳಿಗೆ ನನ್ನ ಪ್ರೀತಿ. ಮನೆಯವರಿಂದ ಜಾಸ್ತಿ ಅಂಟುವುದನ್ನು ನಾನು ಮನೆಯಲ್ಲಿ ನೋಡುತ್ತಲೇ ಇದ್ದೇನೆ. ಆ ಮಾತಿನಲ್ಲಿ ಏನೋ ಇದೆ ಎಂಬುದು ನನ್ನ ಅನಿಸಿಕೆ. ಅಂಟದವರಿಗೆ ಮನಸ್ಸಿಲ್ಲ ಅನ್ನುವ ಅರ್ಥ ಯಾರೂ ತೆಗೆದುಕೊಳ್ಳಬೇಡಿ.

ನಾಯಿಪ್ರೇಮಿ
ನಾಯಿಗೂ ನಮ್ಮಿಂದ ಅಂಟುತ್ತದೆ. ಲಂಡನ್ನಿನಲ್ಲಿ 2008ರಲ್ಲಿ ಪರೀಕ್ಷಿಸಿದ 29 ನಾಯಿಗಳಲ್ಲಿ 21 ನಾಯಿಗಳು ಮನುಷ್ಯ ಆಕಳಿಸಿದ್ದು ನೋಡಿ ಆಕಳಿಸಿದವು. ಸುಮ್ನೆ ಬಾಯಿ ತೆರೆದು ಮುಚ್ಚಿದಾಗ ಒಂದೂ ಆಕಳಿಸಲಿಲ್ಲ. ಸಾಕಿದವರಿಂದ ಜಾಸ್ತಿ ಅಂಟುತ್ತದೆ ಎಂದೂ ಜಪಾನಿನವರು ತೋರಿಸಿದರು.

ಪ್ರಶ್ನಾರ್ಥಕ
ಆ ಕೊನೆಯ ಮಾತಿಗೆ 2020ರಲ್ಲಿ ಪೆಟ್ಟು ಬಿದ್ದಿದೆ. ಹಲವು ಅಧ್ಯಯನಗಳ ಅಂಕಿಅಂಶ ಒಟ್ಟು ಸೇರಿಸಿ ನೋಡಿದಾಗ ನಾಯಿಗಳಿಗೆ ಅಂಟುವುದು ನಿಜ, ಸಾಕಿದವರಿಂದ ಜಾಸ್ತಿ ಅನ್ನುವುದು ಸಿಗಲಿಲ್ಲ.

ನಾಯಿಪ್ರೇಮಿ
ನನ್ನ ನಾಯಿಗೆ ನನ್ನಿಂದಲೇ ಜಾಸ್ತಿ ಅಂಟುತ್ತದೆ. ನಾನು ದಿನಾ ನೋಡುತ್ತೇನೆ.

ಪ್ರಶ್ನಾರ್ಥಕ
ದಿನಾ ನಿಮ್ಮ ಜೊತೆಗೇ ಇದ್ದರೆ ದಿನಾ ನಿಮ್ಮದನ್ನೇ ನೋಡುತ್ತದೆ ಮೇಡಂ. ಬೇರೆಯವರದು ಎಷ್ಟು ಸಲ ನೋಡಿದೆ?

ಸುಮ್ನೆ ಓದುಗ
ಆಮೆಗೆ ಅಂಟುತ್ತದಾ ಅಂತಲೂ ಯಾರೋ ನೋಡಿದ್ದಾರಂತೆ, ಹೌದಾ?

ಲ್ಯಾಬ್ ಮೂಲೆ
ಹೌದು. ಕೆಂಪುಕಾಲಿನ ಆಮೆ ಒಂದಕ್ಕೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಬೇಕೆಂದಾಗ ಬಾಯಿ ತೆರೆಯುವ ಹಾಗೆ ಮಾಡಿದರು. ಬೇರೆ ಆಮೆಗಳು ನೋಡಿದವು, ಯಾವುದಕ್ಕೂ ಅಂಟಲಿಲ್ಲ. 2011ರಲ್ಲಿ ಅದಕ್ಕೆ ಇಗ್ ನೊಬೆಲ್ ಪ್ರಶಸ್ತಿ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಜನ ನಕ್ಕರು, ಆದರೆ ಆ ಕೆಲಸಕ್ಕೆ ನಿಜವಾದ ಬೆಲೆ ಇದೆ. ಅಂಟುವುದು ಎಲ್ಲ ಪ್ರಾಣಿಗಳಿಗೂ ಇರುವ ಸರಳ ಪ್ರತಿಕ್ರಿಯೆ ಅಲ್ಲ ಎಂದು ಹೇಳಲು ಇಂಥದ್ದು ಬೇಕು.

ನನಗೆ ಇಷ್ಟವಾದದ್ದು ಸಿಂಹಗಳದ್ದು. ದಕ್ಷಿಣ ಆಫ್ರಿಕಾದಲ್ಲಿ ಕಾಡು ಸಿಂಹಗಳ ವಿಡಿಯೋ ನೋಡಿ 2021ರಲ್ಲಿ ಪ್ರಕಟಿಸಿದರು. ಒಂದು ಸಿಂಹ ಆಕಳಿಸಿ ಇನ್ನೊಂದಕ್ಕೆ ಅಂಟಿದ ಮೇಲೆ ಎರಡೂ ಒಟ್ಟಿಗೆ ಎದ್ದು ನಡೆಯುವುದು, ಒಟ್ಟಿಗೆ ಮಲಗುವುದು ಸುಮಾರು 11 ಪಟ್ಟು ಹೆಚ್ಚಾಯಿತು. ಗುಂಪಿನಲ್ಲಿ ಒಂದಕ್ಕೆ ಸ್ಥಿತಿ ಬದಲಾದರೆ ಉಳಿದವೂ ಅದಕ್ಕೆ ಹೊಂದಿಕೊಳ್ಳುತ್ತವೆ. ಒಟ್ಟಿಗೆ ಎಚ್ಚರ, ಒಟ್ಟಿಗೆ ವಿಶ್ರಾಂತಿ. ನಮಗೂ ಅಂಟುವುದು ಇದಕ್ಕೇ ಇರಬಹುದು ಎಂದು ನನ್ನ ನಂಬಿಕೆ. ಮನಸ್ಸಿನ ಮರುಕಕ್ಕಿಂತ ಇದು ಹಳೆಯದು.

ಗಾಳಿಪಟ
ಹಾಗಾದರೆ ಮೀಟಿಂಗಿನಲ್ಲಿ ಒಬ್ಬರಿಂದ ಒಬ್ಬರಿಗೆ ಅಂಟಿತು ಅಂದರೆ ಎಲ್ಲರೂ ಒಂದೇ ಲಯದಲ್ಲಿ ಕೂತಿದ್ದರು ಅಂತ ಅರ್ಥ. ಮ್ಯಾನೇಜರ್ ಖುಷಿ ಪಡಬೇಕಿತ್ತು.

ಹಗಲುಗನಸು
ಇದನ್ನು ಅವರಿಗೆ ಹೇಳಬೇಕು ಅನಿಸುತ್ತಿದೆ. ಇನ್ನೊಂದು ಕೇಳಲಾ? ತಡೆಯಲು ಹೋದಷ್ಟೂ ಜಾಸ್ತಿ ಬರುತ್ತದಲ್ಲ, ಅದು ನನ್ನ ಭ್ರಮೆಯಾ?

ಲ್ಯಾಬ್ ಮೂಲೆ
ಭ್ರಮೆ ಅಲ್ಲ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2017ರಲ್ಲಿ 36 ಜನರ ಮೇಲೆ ನೋಡಿದ್ದಾರೆ. "ತಡೆಯಿರಿ" ಎಂದು ಹೇಳಿದಾಗ ಆಕಳಿಸಬೇಕು ಅನ್ನುವ ಒತ್ತಡ ಹೆಚ್ಚಾಯಿತು. ಪೂರ್ತಿ ಆಕಳಿಕೆ ಕಡಿಮೆಯಾಗಿ ಅರ್ಧಂಬರ್ಧ ನುಂಗಿದ್ದು ಜಾಸ್ತಿ ಆಯಿತು. ಯಾರಿಗೆ ಎಷ್ಟು ಸುಲಭಕ್ಕೆ ಅಂಟುತ್ತದೆ ಅನ್ನುವುದು ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಭಾಗ ಎಷ್ಟು ಚುರುಕು ಅನ್ನುವುದರ ಮೇಲೆ ನಿಂತಿದೆ ಎಂದೂ ಕಂಡರು. ಅದು ಪ್ರತಿಯೊಬ್ಬರಿಗೂ ಬೇರೆ.

ಸುಮ್ನೆ ಓದುಗ
ಬಾಯಿಗೆ ಕೈ ಅಡ್ಡ ಹಿಡಿದರೆ ಎದುರಿನವರಿಗೆ ಅಂಟಲ್ಲ ತಾನೆ?

ಲ್ಯಾಬ್ ಮೂಲೆ
ಅಂಟುತ್ತದೆ. ಬಾಯಿಯ ಭಾಗ ಮರೆಮಾಡಿದ ವಿಡಿಯೋ ತೋರಿಸಿದಾಗಲೂ ಪೂರ್ತಿ ಮುಖ ತೋರಿಸಿದಷ್ಟೇ ಜನ ಆಕಳಿಸಿದರು. ಬರೀ ಬಾಯಿ ತೋರಿಸಿದರೆ ಕಡಿಮೆ. ಕಣ್ಣು ಕಿರಿದಾಗುವುದು, ಕತ್ತು ಹಿಂದಕ್ಕೆ ವಾಲುವುದು, ಇಷ್ಟೇ ಸಾಕು. ಸದ್ದು ಕೇಳಿದರೂ ಬರುತ್ತದೆ. ಓದಿದರೂ ಬರುತ್ತದೆ, ಇಲ್ಲಿ ಎಲ್ಲರಿಗೂ ಗೊತ್ತು.

ಸ್ವರ ಟೀಚರ್
ಸ್ವಲ್ಪ ವಿಷಯಾಂತರ. ಗಂಟಲು ಬಿಗಿ ಹಿಡಿದು ಹಾಡುವ ಮಕ್ಕಳಿಗೆ ನಾನು ಆಕಳಿಸಲು ಹೇಳುತ್ತೇನೆ. ಆಕಳಿಕೆ ಶುರುವಾದ ಕೂಡಲೇ ಧ್ವನಿಪೆಟ್ಟಿಗೆ ಕೆಳಕ್ಕೆ ಇಳಿಯುತ್ತದೆ, ಗಂಟಲು ಅಗಲವಾಗುತ್ತದೆ. ಅಲ್ಲಿಂದ "ಹಾ" ಎಂದು ನಿಟ್ಟುಸಿರು ಬಿಟ್ಟರೆ ಸ್ವರ ಸಡಿಲವಾಗಿ ಬರುತ್ತದೆ. ಧ್ವನಿ ಚಿಕಿತ್ಸೆ ಮಾಡುವವರೂ ಇದನ್ನು ಬಳಸುತ್ತಾರೆ. ಒಬ್ಬ ಹುಡುಗಿಗೆ ಹೇಳಿದರೆ ಸಾಕು, ಕ್ಲಾಸಿಗೇ ಕ್ಲಾಸೇ ಆಕಳಿಸುತ್ತದೆ.

ರಾತ್ರಿ ಪಾಳಿ
ಒಂದು ಗಂಭೀರ ಮಾತು. ಗಾಡಿ ಓಡಿಸುವಾಗ ಮೇಲಿಂದ ಮೇಲೆ ಆಕಳಿಕೆ ಬಂದರೆ ಅಸಡ್ಡೆ ಮಾಡಬೇಡಿ. ಕಿಟಕಿ ಇಳಿಸಿ, ಹಾಡು ಜೋರು ಮಾಡಿ ಮುಂದೆ ಹೋಗುವುದು ಮೋಸ. ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 15–20 ನಿಮಿಷ ಕಣ್ಣು ಮುಚ್ಚಿ. ಕಾಫಿ ಕುಡಿದರೂ ಅದು ಕೆಲಸ ಶುರು ಮಾಡಲು ಅರ್ಧ ಗಂಟೆ ಬೇಕು. ಪಾಳಿ ಮುಗಿಸಿ ಬೆಳಗಿನ ಜಾವ ಹೊರಟ ನನ್ನ ಸಹೋದ್ಯೋಗಿಯೊಬ್ಬರು ಮನೆ ತಲುಪಲಿಲ್ಲ. ಅದಕ್ಕೇ ಬರೆದೆ.

ಮಾತ್ರೆ ಡಬ್ಬಿ
ರಾತ್ರಿ ಪಾಳಿಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಿದ್ದೆ ಚೆನ್ನಾಗಿ ಆಗಿದ್ದರೂ ದಿನವಿಡೀ ಆಕಳಿಕೆ ನಿಲ್ಲದಿದ್ದರೆ ಮೊದಲು ನೀವು ತೆಗೆದುಕೊಳ್ಳುವ ಮಾತ್ರೆ ನೋಡಿ. ಖಿನ್ನತೆಗೆ ಕೊಡುವ ಸೆರೊಟೋನಿನ್ ಸಂಬಂಧದ ಕೆಲವು ಮಾತ್ರೆಗಳಿಂದ ಹೀಗೆ ಆಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಮೈಗ್ರೇನ್ ಇರುವ ಕೆಲವರಿಗೆ ತಲೆನೋವು ಶುರುವಾಗುವ ಗಂಟೆಗಳ ಮುಂಚೆಯೇ ಆಕಳಿಕೆ ಸಾಲುಗಟ್ಟುತ್ತದೆ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು ಇದ್ದರೆ ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರಲ್ಲ. ತಲೆಸುತ್ತು ಬಂದು ಬೀಳುವ ಮುಂಚೆಯೂ ಆಕಳಿಕೆ ಬರಬಹುದು. ಆಕಳಿಕೆಯ ಜೊತೆ ಬೆವರು, ಕಣ್ಣು ಕತ್ತಲೆ ಬಂದರೆ ತಕ್ಷಣ ಕೂತುಬಿಡಿ ಅಥವಾ ಮಲಗಿ.

ಎರಡು ಮಕ್ಕಳ ಅಮ್ಮ
ನನ್ನ ತಂಗಿಗೆ ಮೈಗ್ರೇನ್ ಇದೆ. ತಲೆನೋವಿನ ಹಿಂದಿನ ಸಂಜೆ ಅವಳು ಸಿಕ್ಕಾಪಟ್ಟೆ ಆಕಳಿಸುತ್ತಾಳೆ. ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಈಗ ಗೊತ್ತಾಯಿತು. ಇವತ್ತೇ ಫೋನ್ ಮಾಡಿ ಹೇಳುತ್ತೇನೆ.

ಗಾಳಿಪಟ
ನಮ್ಮ ಪರಿಚಯದವರಿಗೆ ಆಕಳಿಸಿ ಬಾಯಿ ಹಾಗೇ ನಿಂತುಬಿಟ್ಟಿತ್ತು. ಮುಚ್ಚಲೂ ಆಗದೆ, ಮಾತೂ ಬಾರದೆ, ಜೊಲ್ಲು ಸುರಿಸುತ್ತಾ ಕೂತಿದ್ದರು. ಯಾರೋ ಕೆನ್ನೆಗೆ ಹೊಡೆದರೆ ಸರಿಹೋಗುತ್ತದೆ ಅಂದರು.

ಹಲ್ಲಿನ ಡಾಕ್ಟ್ರು
ದಯವಿಟ್ಟು ಯಾರೂ ಹೊಡೆಯಬೇಡಿ! ದವಡೆಯ ಕೀಲು ಮುಂದಕ್ಕೆ ಜಾರಿ ಸಿಕ್ಕಿಕೊಂಡಿರುತ್ತದೆ. ಹೊಡೆದರೆ ಮೂಳೆ ಮುರಿಯಬಹುದು. ಬಲವಂತವಾಗಿ ಮುಚ್ಚಿಸಲೂ ಹೋಗಬೇಡಿ. ಬಟ್ಟೆಯಿಂದ ದವಡೆಗೆ ಕೆಳಗಿನಿಂದ ಮೆಲ್ಲಗೆ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ನಾವು ಹೆಬ್ಬೆರಳುಗಳನ್ನು ಕೆಳಗಿನ ದವಡೆಹಲ್ಲುಗಳ ಕಡೆ ಇಟ್ಟು ಮೊದಲು ಕೆಳಕ್ಕೆ ಒತ್ತುತ್ತೇವೆ, ಆಮೇಲೆ ಹಿಂದಕ್ಕೆ ತಳ್ಳುತ್ತೇವೆ. ಟಕ್ ಎಂದು ಕೂತುಕೊಳ್ಳುತ್ತದೆ. ಒಂದು ಸಲ ಹೀಗಾದವರಿಗೆ ಮತ್ತೆ ಆಗುವ ಸಂಭವ ಜಾಸ್ತಿ. ಅವರು ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಂಡು ಬಾಯಿ ಪೂರ್ತಿ ಅಗಲ ಆಗದಂತೆ ನೋಡಿಕೊಳ್ಳಬೇಕು.

ಗಾಳಿಪಟ
ಅವರಿಗೆ ಇದನ್ನು ಹಾಗೇ ಕಳಿಸುತ್ತೇನೆ ಡಾಕ್ಟ್ರೇ. ಗಟ್ಟಿ ಪದಾರ್ಥ ಎಷ್ಟು ದಿನ ತಿನ್ನಬಾರದು?

ಹಲ್ಲಿನ ಡಾಕ್ಟ್ರು
ಕೀಲು ಎಷ್ಟು ಸಡಿಲವಾಗಿದೆ ಅಂತ ಮುಟ್ಟಿ ನೋಡದೆ ದಿನ ಹೇಳಲು ಆಗಲ್ಲ. ಅಲ್ಲಿಯವರೆಗೆ ಮೆತ್ತಗಿರುವುದನ್ನೇ ಸಣ್ಣ ಸಣ್ಣ ತುತ್ತಾಗಿ ತಿನ್ನಲಿ. ತೋರಿಸಿದ ಡಾಕ್ಟರ ಹತ್ತಿರವೇ ಇನ್ನೊಂದು ಸಲ ಹೋಗಿ ಬರಲು ಹೇಳಿ.